ವಿಶ್ವಕಿರಣಗಳ ಅನ್ವೇಷಕ ಡಾ. ಹೋಮಿ ಜಹಾಂಗೀರ್ ಭಾಭಾ

ಭೀಮಾ ತೀರದ ಅಫಜಲಪುರ, ಜೇವರ್ಗಿಗಳ ಎರೆಹೊಲಗಳಲ್ಲಿಯೂ ಆಳಂದದ ತೊಗರಿಯ ಭೂಮಿಯಲ್ಲಿಯೂ ಮುಗಿಲಿನತ್ತ ಕಣ್ಣಿಟ್ಟು ಮಳೆಯ ದಾರಿ ಕಾಯುವುದು ಒಕ್ಕಲು ಮಕ್ಕಳಿಗೆ ತಲೆತಲಾಂತರದಿಂದ ಬಂದ ವಾಡಿಕೆ. ಹೀಗೆ ಕಾಯುವ ಜನರ ಮೇಲೆ ಹಗಲಿರುಳೆನ್ನದೆ, ಮಾಗಿ ಬೇಸಗೆಯೆನ್ನದೆ ಇನ್ನೊಂದು ಮಳೆ ಸುರಿಯುತ್ತಲೇ ಇದೆ. ಅದು ಕಣ್ಣಿಗೆ ಕಾಣದು, ಮೈಗೆ ತಾಗದು, ನೆಲವನ್ನು ತೋಯಿಸದು. ಅಂತರಿಕ್ಷದ ದೂರದ ನೆಲೆಗಳಿಂದ ಹೊರಟ ವೇಗಶಾಲಿ ಕಣಗಳು ಭೂಮಿಯ ವಾಯುಮಂಡಲಕ್ಕೆ ಅಪ್ಪಳಿಸಿದಾಗ ಹುಟ್ಟಿ ಇಳೆಗೆ ಇಳಿದುಬರುವ ಅತಿಸೂಕ್ಷ್ಮ ಕಣಗಳ ಮಳೆ ಅದು. ಇದಕ್ಕೆ ವಿಶ್ವಕಿರಣವೆಂದು ಹೆಸರು. ನೆಲವನ್ನು ಮುಟ್ಟುವ ವಿದ್ಯುದಾವಿಷ್ಟ ಕಣಗಳಲ್ಲಿ ಬಹುಭಾಗ ಮ್ಯೂಆನ್ ಎಂಬ ಕಣಗಳು. ಅಂಗೈಯನ್ನು ಅಡ್ಡಲಾಗಿ ಚಾಚಿ ಹಿಡಿದರೆ ಹೆಚ್ಚು ಕಡಿಮೆ ಸೆಕೆಂಡಿಗೊಂದರಂತೆ ಈ ಕಣ ಅಂಗೈಯನ್ನು ತೂರಿಕೊಂಡು ಹೋಗುತ್ತದೆ.

ಈ ಕಾಣದ ಮಳೆಯ ಹನಿಗಳನ್ನು ಶಾಲೆಯ ಬಾಲಕ ಬಾಲಕಿಯರೇ ಮೇಜಿನ ಮೇಲೆ ಎಣಿಸಬಹುದಾದ ಕಾಲ ಇಂದು ಬಂದಿದೆ. ಉಗುರಿನಷ್ಟಗಲದ ಸಿಲಿಕಾನ್ ಚೂರು, ಅಂಗೈಯಗಲದ ಪ್ಲಾಸ್ಟಿಕ್ ತುಂಡು ಇವಿಷ್ಟು ಅದಕ್ಕೆ ಮುಖ್ಯ ಸಾಧನ. ಆದರೆ ಈ ಸೌಲಭ್ಯ ಕನಸಿನಲ್ಲಿಯೂ ಇಲ್ಲದ ದಿನಗಳಲ್ಲಿ ಅದೇ ಕಣದ ಗುಣಶೀಲಗಳನ್ನು ಲೆಕ್ಕದಿಂದ ಕಂಡವರು, ಕನ್ನಡ ನಾಡಿನ ಮುಗಿಲಲ್ಲಿ ಅದನ್ನು ಅಳೆದವರು, ಕನ್ನಡ ನಾಡಿನ ಚಿನ್ನದ ಗಣಿಯ ಆಳದಲ್ಲಿ ಅದನ್ನು ಅಳೆಯಿಸಿದವರು ಡಾ. ಹೋಮಿ ಜಹಾಂಗೀರ್ ಭಾಭಾ. ಭಾರತದ ಪರಮಾಣು ಶಕ್ತಿಯ ಪಿತಾಮಹರೆಂದು ಅವರ ಹೆಸರು ಪಠ್ಯಪುಸ್ತಕಗಳಲ್ಲಿದೆ. ವಿಶ್ವಕಿರಣದ ಅಭ್ಯಾಸಿಯಾಗಿ ಅವರು ಬಾಳಿದ ಬಾಳು ಅಷ್ಟಾಗಿ ಪ್ರಚಾರದಲ್ಲಿಲ್ಲ. ವಿದ್ಯಾರ್ಥಿಗಳ ಪ್ರಯೋಗಶಾಲೆಗೆ ಹತ್ತಿರವಾದುದು ಅವರ ಜೀವನದ ಈ ಮುಖವೇ.

ಹೋಮಿ ಭಾಭಾ ಅವರು 1909ನೆಯ ಇಸವಿ ಅಕ್ಟೋಬರ್ 30ರಂದು ಮುಂಬಯಿಯ ಸುಸಂಸ್ಕೃತ ಪಾರ್ಸಿ ಮನೆತನದಲ್ಲಿ ಜನಿಸಿದರು. ತಂದೆ ಜಹಾಂಗೀರ್ ಭಾಭಾ ನ್ಯಾಯವಾದಿಗಳು. ತಾಯಿ ಮೆಹೆರೆನ್. ಮನೆತನ ಮುಂಬಯಿಯಲ್ಲಿ ನೆಲೆನಿಂತಿದ್ದರೂ ಅದರ ಬೇರುಗಳು ಮೈಸೂರು ಸೀಮೆಯಲ್ಲಿಯೂ ಇಳಿದಿದ್ದವು. ಪಿತಾಮಹರಾದ ಡಾ. ಹೊರ್ಮುಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ಸಂಸ್ಥಾನದ ಶಾಲೆಗಳ ಮೇಲ್ವಿಚಾರಣೆ ನಡೆಸಿದ ಆ ಹಿರಿಯರ ಹೆಸರನ್ನೇ ಮೊಮ್ಮಗನಿಗೆ ಇಡಲಾಯಿತು. ತಂದೆ ಜಹಾಂಗೀರರು ಬೆಳೆದುದು ಬೆಂಗಳೂರಿನಲ್ಲಿ. ಸೋದರತ್ತೆ ಮೆಹೆರ್‌ಬಾಯಿ ಅವರು ಜಮಶೇಟ್‌ಜಿ ಟಾಟಾ ಅವರ ಹಿರಿಯ ಮಗ ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ. ಹೀಗೆ ವಿದ್ಯೆಯ ಒಲವು ಒಂದು ಕಡೆಯಿಂದಲೂ ಉದ್ಯಮದ ಸಾಹಸ ಇನ್ನೊಂದು ಕಡೆಯಿಂದಲೂ ಬಾಲಕನಿಗೆ ಬಳುವಳಿಯಾಗಿ ದೊರೆತವು. ಅವರು ಹುಟ್ಟಿದ 1909ರಲ್ಲಿಯೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಜಮಶೇಟ್‌ಜಿಯವರ ದಾನ ಮತ್ತು ಮೈಸೂರು ಅರಸರು ನೀಡಿದ 371 ಎಕರೆ ಭೂಮಿಯಿಂದ ರೂಪುಗೊಂಡ ಆ ಸಂಸ್ಥೆಯೇ ಮೂರು ದಶಕಗಳ ಬಳಿಕ ಅವರ ಬಾಳಿಗೆ ತಿರುವು ಕೊಡಲಿತ್ತು.

ಮುಂಬಯಿಯ ಕೆಥೀಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು, ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗಳಲ್ಲಿ ಓದಿದ ಹೋಮಿ 1927ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಾನ್ವಿಲ್ ಅಂಡ್ ಕೀಸ್ ಕಾಲೇಜನ್ನು ಸೇರಿದರು. ಮಗನು ಯಂತ್ರಶಾಸ್ತ್ರದಲ್ಲಿ ಪದವಿ ಪಡೆದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಹಿರಿಯ ಹುದ್ದೆಯನ್ನು ವಹಿಸಿಕೊಳ್ಳಲಿ ಎಂಬುದು ತಂದೆಯ ಹಾಗೂ ದೊರಾಬ್‌ಜಿಯವರ ಆಶಯವಾಗಿತ್ತು. ಮಗನ ಮನಸ್ಸಾದರೋ ಗಣಿತ ಮತ್ತು ಭೌತವಿಜ್ಞಾನದ ಕಡೆಗೆ ಹರಿದಿತ್ತು. ವ್ಯಾಪಾರ, ಉದ್ಯಮಗಳು ತಮ್ಮ ಸ್ವಭಾವಕ್ಕೆ ಒಗ್ಗುವುದಿಲ್ಲವೆಂದೂ ಭೌತವಿಜ್ಞಾನವೇ ತಮ್ಮ ದಾರಿಯೆಂದೂ ಅವರು ತಂದೆಗೆ ವಿನಯದಿಂದ, ಆದರೆ ನಿರ್ಧಾರದಿಂದ ಬರೆದು ತಿಳಿಸಿದರು. ತಂದೆ ಸಿಟ್ಟಾಗಲಿಲ್ಲ. ಹಿಡಿದ ಓದನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರೆ ಗಣಿತಕ್ಕೆ ಅನುಮತಿ ಎಂಬ ಒಪ್ಪಂದವಾಯಿತು. 1930ರಲ್ಲಿ ಯಂತ್ರಶಾಸ್ತ್ರದಲ್ಲಿಯೂ 1932ರಲ್ಲಿ ಗಣಿತದಲ್ಲಿಯೂ ಹೋಮಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು. ಕೊಟ್ಟ ಮಾತನ್ನು ಮಗನೂ ನಡೆಸಿದ, ತಂದೆಯೂ ನಡೆಸಿದರು. ಒಲ್ಲದ ಮನಸ್ಸಿನಿಂದ ಕಲಿತ ಯಂತ್ರವಿದ್ಯೆ ಮುಂದೆ ಉಪಕರಣಗಳನ್ನು ಕಟ್ಟಿಸುವ ಕಾಲಕ್ಕೆ, ರಿಯಾಕ್ಟರುಗಳನ್ನು ನಿಲ್ಲಿಸುವ ಕಾಲಕ್ಕೆ ಅವರ ಕೈಹಿಡಿಯಿತು.

ಆ ದಿನಗಳಲ್ಲಿ ಕೇಂಬ್ರಿಜ್ ಭೌತವಿಜ್ಞಾನದ ಕಾಶಿಯಂತಿತ್ತು. ಗಣಿತವನ್ನು ಬೋಧಿಸಿದವರಲ್ಲಿ ಪಾಲ್ ಡಿರಾಕ್ ಒಬ್ಬರು. ರುದರ್‌ಫರ್ಡರ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ 1932ರಲ್ಲಿ ಚಾಡ್‌ವಿಕ್ಕರು ನ್ಯೂಟ್ರಾನನ್ನು ಕಂಡುಹಿಡಿದರು. ಹೊಸ ಜ್ಞಾನ ಕಣ್ಣೆದುರಿಗೆ ಹುಟ್ಟುವುದನ್ನು ನೋಡುತ್ತ ಆ ತರುಣರು ಬೆಳೆದರು. ವಿಶ್ವಕಿರಣಗಳ ಅಭ್ಯಾಸಕ್ಕೆ ಆಗ ಎರಡು ದಶಕಗಳ ವಯಸ್ಸು. 1912ರಲ್ಲಿ ಆಸ್ಟ್ರಿಯದ ವಿಕ್ಟರ್ ಹೆಸ್ ಎಂಬುವರು ಬಲೂನಿನಲ್ಲಿ ಐದು ಕಿಲೋಮೀಟರಿಗೂ ಎತ್ತರ ಏರಿ, ಮೇಲೆ ಹೋದಂತೆಲ್ಲ ಈ ವಿಕಿರಣ ಹೆಚ್ಚುತ್ತದೆಂದು ತೋರಿಸಿದ್ದರು. ಅದು ನೆಲದಿಂದ ಹುಟ್ಟಿದುದಾದರೆ ಮೇಲೇರಿದಂತೆ ಕುಗ್ಗಬೇಕು. ಹೆಚ್ಚಿತೆಂದರೆ ಮೂಲ ಮೇಲಿದೆ ಎಂಬುದು ಸಿದ್ಧವಾಯಿತು. ಆದರೆ ಆ ಕಿರಣಗಳ ಸ್ವರೂಪವೇನು, ಅವು ವಸ್ತುವಿನಲ್ಲಿ ಹಾಯುವಾಗ ಏನಾಗುತ್ತದೆ ಎಂಬುದು ಬಗೆಹರಿದಿರಲಿಲ್ಲ. ಭಾಭಾ ಅವರ ಮೊದಲ ಪ್ರಬಂಧ 1933ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ವಿಶ್ವಕಿರಣಗಳು ವಸ್ತುವಿನಲ್ಲಿ ಹೀರಲ್ಪಡುವ ರೀತಿಯೇ ಅದರ ವಿಷಯ. ಅವರು 1935ರಲ್ಲಿ ಡಾಕ್ಟರೇಟ್ ಪಡೆದರು. ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳು ಒಂದನ್ನೊಂದು ಸಂಧಿಸಿ ಚದುರುವ ಬಗೆಯ ಬಗ್ಗೆ 1936ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಇಂದಿಗೂ ಭಾಭಾ ಚದುರುವಿಕೆ ಎಂಬ ಹೆಸರಿನಿಂದಲೇ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ.

1937ರಲ್ಲಿ ವಾಲ್ಟರ್ ಹೈಟ್ಲರ್ ಎಂಬ ವಿದ್ವಾಂಸರೊಡನೆ ಕೂಡಿ ಅವರು ವಿಶ್ವಕಿರಣಗಳ ಸೋನೆಮಳೆಗೆ ಕಾರಣ ಕೊಟ್ಟರು. ಆಕಾಶದಿಂದ ಬಂದ ಒಂದು ಎಲೆಕ್ಟ್ರಾನು ಗಾಳಿಯ ಪರಮಾಣುವಿನ ಬಳಿ ಹಾಯುವಾಗ ಬೆಳಕಿನ ಕಣವನ್ನು ಹೊಮ್ಮಿಸುತ್ತದೆ. ಆ ಬೆಳಕಿನ ಕಣ ಎಲೆಕ್ಟ್ರಾನು ಪಾಸಿಟ್ರಾನುಗಳ ಜೋಡಿಯಾಗಿ ಒಡೆಯುತ್ತದೆ. ಆ ಜೋಡಿಯ ಒಂದೊಂದೂ ಮತ್ತೆ ಬೆಳಕನ್ನು ಹೊಮ್ಮಿಸುತ್ತದೆ. ಒಂದು ಕಾಳಿನಿಂದ ತೆನೆ, ತೆನೆಯಿಂದ ರಾಶಿ ಆದಂತೆ ಒಂದೇ ಕಣದಿಂದ ಸಾವಿರಾರು ಕಣಗಳ ಸಂತತಿ ಹುಟ್ಟಿ, ಶಕ್ತಿ ಹಂಚಿಹೋದ ಮೇಲೆ ಅಡಗುತ್ತದೆ. ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಓಪನ್‌ಹೈಮರ್ ಅವರು ಅದೇ ವರ್ಷ ಸ್ವತಂತ್ರವಾಗಿ ಇದೇ ನಿರ್ಣಯವನ್ನು ತಲುಪಿದರು.

ಈ ಲೆಕ್ಕ ಒಂದು ಹೊಸ ಪ್ರಶ್ನೆಯನ್ನು ಎತ್ತಿತು. ಎಲೆಕ್ಟ್ರಾನುಗಳ ಸಂತತಿ ದಪ್ಪನಾದ ಸೀಸದ ಹಲಗೆಯಲ್ಲಿ ಅಡಗಿಹೋಗಬೇಕು. ಆದರೆ ವಿಶ್ವಕಿರಣಗಳಲ್ಲಿ ಒಂದು ಭಾಗ ಸೀಸವನ್ನೂ ಬಂಡೆಯನ್ನೂ ಲೆಕ್ಕಿಸದೆ ತೂರಿ ಹೋಗುತ್ತಿತ್ತು. ಅಮೆರಿಕದ ಆಂಡರ್ಸನ್ ಮತ್ತು ನೆಡರ್‌ಮೆಯರ್ ಅವರು 1936, 1937ರಲ್ಲಿ ಇದಕ್ಕೆ ಸಾಕ್ಷಿಯನ್ನು ಒದಗಿಸಿದರು. ಎಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಹೊಸ ಕಣವೊಂದು ಅಲ್ಲಿತ್ತು. ಅದೇ ಇಂದಿನ ಮ್ಯೂಆನ್. ಅದರ ದ್ರವ್ಯರಾಶಿ ಎಲೆಕ್ಟ್ರಾನಿನ ಸುಮಾರು 207ರಷ್ಟು. ಆ ಕಣಕ್ಕೆ ಹೆಸರಿಡುವಾಗ ಪಂಡಿತರಲ್ಲಿ ಭಿನ್ನಾಭಿಪ್ರಾಯವಾಯಿತು. ಕೆಲವರು ಮೆಸೊಟ್ರಾನ್ ಎಂದರು. 1939ರಲ್ಲಿ ಭಾಭಾ ಅವರು ಶಬ್ದಶಾಸ್ತ್ರದ ಆಕ್ಷೇಪವನ್ನೆತ್ತಿದರು. ಎಲೆಕ್ಟ್ರಾನ್, ನ್ಯೂಟ್ರಾನ್‌ಗಳಲ್ಲಿ ಟಕಾರ ರೇಫಗಳು ಮೂಲಶಬ್ದಕ್ಕೇ ಸೇರಿದವು. ನಡು ಎಂಬರ್ಥದ ಗ್ರೀಕ್ ಮೆಸೊಸ್ ಶಬ್ದದಲ್ಲಿ ಅವು ಇಲ್ಲ. ಆದುದರಿಂದ ಮೆಸಾನ್ ಎಂಬುದೇ ಸಾಧುರೂಪ ಎಂಬುದು ಅವರ ವಾದ. ಈ ಮೆಸೊಸ್ ಶಬ್ದವೂ ಸಂಸ್ಕೃತದ ಮಧ್ಯ ಶಬ್ದವೂ ಒಂದೇ ಮೂಲದವು. ಅವರ ಸೂಚನೆ ಉಳಿಯಿತು. ಆದರೆ 1947ರಲ್ಲಿ ಪಯಾನ್ ಎಂಬ ಇನ್ನೊಂದು ಕಣ ಪತ್ತೆಯಾದ ಬಳಿಕ ಮೆಸಾನ್ ಹೆಸರು ಪಯಾನಿನ ಬಳಗಕ್ಕೆ ಹೋಯಿತು. ಮೊದಲು ಆ ಹೆಸರು ಹೊತ್ತ ಕಣ ಮ್ಯೂಆನ್ ಆಗಿ ಬೇರೆ ಕುಲಕ್ಕೆ ಸೇರಿತು.

ಮ್ಯೂಆನಿನ ಬಾಳು ಅತ್ಯಲ್ಪ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೈಕ್ರೊಸೆಕೆಂಡು ಎನ್ನುತ್ತಾರೆ. ಮ್ಯೂಆನಿನ ಸರಾಸರಿ ಆಯುಸ್ಸು ಅಂಥ 2.2 ಮೈಕ್ರೊಸೆಕೆಂಡುಗಳು ಮಾತ್ರ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಸಾಗುವ ದೂರ 660 ಮೀಟರು. ಅದು ಹುಟ್ಟುವುದಾದರೋ ಸುಮಾರು 15 ಕಿಲೋಮೀಟರು ಎತ್ತರದಲ್ಲಿ. ಒಂದು ಹೊತ್ತಿನ ಬುತ್ತಿ ಕಟ್ಟಿಕೊಂಡ ದಾರಿಗ ಇಪ್ಪತ್ತು ಹೊತ್ತಿನ ಹಾದಿಯನ್ನು ನಡೆದು ಊರು ಸೇರಿದಂತೆ, ಅದು ನೆಲವನ್ನು ಮುಟ್ಟುವುದಾದರೂ ಹೇಗೆ? ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿದೆಯೆಂದು ಭಾಭಾ ಅವರು 1938ರಲ್ಲಿಯೇ ಸೂಚಿಸಿದರು. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಕಣದ ಗಡಿಯಾರ ನೆಲದ ಮೇಲೆ ನಿಂತವರ ಎಣಿಕೆಯಲ್ಲಿ ನಿಧಾನವಾಗಿ ನಡೆಯುತ್ತದೆ. ಆದುದರಿಂದ ಅದರ ಅಲ್ಪಾಯುಸ್ಸು ನಮ್ಮ ಲೆಕ್ಕಕ್ಕೆ ಹಿಗ್ಗುತ್ತದೆ. 1941ರಲ್ಲಿ ರೊಸ್ಸಿ ಮತ್ತು ಹಾಲ್ ಎಂಬ ವಿಜ್ಞಾನಿಗಳು ಅಮೆರಿಕದ ಬೆಟ್ಟದ ಮೇಲೂ ಬುಡದಲ್ಲಿಯೂ ಕಣಗಳನ್ನು ಎಣಿಸಿ ಇದನ್ನು ದೃಢಪಡಿಸಿದರು. ಶಾಲೆಯ ಮೇಜಿನ ಮೇಲೆ ಒಂದು ಮ್ಯೂಆನ್ ಎಣಿಕೆಗೆ ಬಂದಿತೆಂದರೆ ಆ ಸಿದ್ಧಾಂತಕ್ಕೆ ಅಷ್ಟರ ಮಟ್ಟಿನ ಸಾಕ್ಷಿ ದೊರೆತಂತೆಯೇ.

1939ರಲ್ಲಿ ಭಾಭಾ ಅವರು ರಜೆಯಲ್ಲಿ ತಾಯ್ನಾಡಿಗೆ ಬಂದಿದ್ದರು. ಕೆಲವು ವಾರಗಳಲ್ಲಿ ಹಿಂದಿರುಗುವುದು ಅವರ ಸಂಕಲ್ಪ. ಸೆಪ್ಟೆಂಬರಿನಲ್ಲಿ ಯುರೋಪಿನಲ್ಲಿ ಯುದ್ಧ ಸಿಡಿಯಿತು, ಮರಳುವ ದಾರಿ ಮುಚ್ಚಿತು. ಕೇಂಬ್ರಿಜ್, ಜೂರಿಚ್, ರೋಮ್, ಕೋಪನ್‌ಹೇಗನ್‌ಗಳ ವಿದ್ವತ್ಸಮೂಹದಲ್ಲಿ ಬೆಳೆದ ಮೂವತ್ತರ ತರುಣನಿಗೆ ಇದು ಗಡೀಪಾರಿನಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಆಗ ಆಶ್ರಯವಿತ್ತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರು ಸರ್ ಸಿ.ವಿ. ರಾಮನ್. ಅವರ ವಿಭಾಗದಲ್ಲಿ ಭಾಭಾ ರೀಡರ್ ಹುದ್ದೆಯನ್ನು ಸ್ವೀಕರಿಸಿದರು. ಸರ್ ದೊರಾಬ್‌ಜಿ ಟಾಟಾ ನಿಧಿಯ ನೆರವಿನಿಂದ ವಿಶ್ವಕಿರಣ ಸಂಶೋಧನಾ ಘಟಕ ಅಲ್ಲಿ ರೂಪುಗೊಂಡಿತು. ರಾಮನ್ನರ ಪ್ರೋತ್ಸಾಹ ಅವರಿಗೆ ದೊರೆಯಿತು. 1941ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ತರುಣ ವಿಕ್ರಮ್ ಸಾರಾಭಾಯಿ ಅವರೂ ಅದೇ ಸಂಸ್ಥೆಯಲ್ಲಿ ಆಗ ವಿಶ್ವಕಿರಣಗಳ ಅಭ್ಯಾಸದಲ್ಲಿ ತೊಡಗಿದ್ದರು. ಮುಂದೆ ಜಗತ್ಪ್ರಸಿದ್ಧ ಗಣಿತಜ್ಞರಾದ ಹರೀಶ್‌ಚಂದ್ರ ಅವರು ಭಾಭಾ ಅವರ ಕೈಕೆಳಗೆ ಬೆಂಗಳೂರಿನಲ್ಲಿ ಕೆಲಸಮಾಡಿದರು.

ಕೇಂಬ್ರಿಜಿನಲ್ಲಿ ಲೆಕ್ಕದ ಹಾಳೆಗಳೊಡನೆ ಬಾಳಿದ ಭಾಭಾ ಬೆಂಗಳೂರಿನಲ್ಲಿ ಉಪಕರಣಗಳಿಗೆ ಕೈಹಾಕಿದರು. ಅದಕ್ಕೆ ದಕ್ಷಿಣ ಭಾರತದ ನೆಲೆಯೇ ಒಂದು ಕಾರಣ. ಭೂಮಿಯ ಕಾಂತಕ್ಷೇತ್ರ ಹೊರಗಿನಿಂದ ಬರುವ ವಿದ್ಯುತ್ಕಣಗಳನ್ನು ಬಾಗಿಸುತ್ತದೆ. ಧ್ರುವಗಳ ಬಳಿ ಕಡಿಮೆ ಶಕ್ತಿಯ ಕಣಗಳಿಗೂ ಪ್ರವೇಶವುಂಟು. ಕಾಂತೀಯ ಸಮಭಾಜಕದ ಬಳಿ ಬಲವಾದ ಕಣಗಳು ಮಾತ್ರ ಒಳನುಗ್ಗಬಲ್ಲವು. ಬೆಂಗಳೂರು ಆ ರೇಖೆಗೆ ಸಮೀಪದಲ್ಲಿದೆ. ಆದುದರಿಂದ ಯುರೋಪು ಅಮೆರಿಕಗಳಲ್ಲಿ ಅಳೆದುದನ್ನು ಇಲ್ಲಿ ಅಳೆದುದರೊಡನೆ ಹೋಲಿಸಿದರೆ ಕಣಗಳ ಶಕ್ತಿಯ ಬಗ್ಗೆ ಅರಿವು ದೊರೆಯುತ್ತದೆ. ಇದೇ ಕಾರಣದಿಂದ ಅಮೆರಿಕದ ಮಿಲಿಕನ್ ಅವರು ತಮ್ಮ ಸಹಾಯಕರೊಡನೆ 1939-40ರ ಚಳಿಗಾಲದಲ್ಲಿ ಭಾರತಕ್ಕೆ ಬಂದು ಬೆಂಗಳೂರಿನಿಂದಲೂ ಬಲೂನುಗಳನ್ನು ಹಾರಿಸಿದ್ದರು. ಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಬರುತ್ತಿದ್ದ ಅಮೆರಿಕದ ವಾಯುಪಡೆಯ ವಿಮಾನಗಳಲ್ಲಿ ಭಾಭಾ ಮತ್ತು ಅವರ ಸಂಗಡಿಗರು ಗೈಗರ್ ನಳಿಕೆಗಳನ್ನು ಇಟ್ಟು ಬಹಳ ಎತ್ತರದವರೆಗೆ ಮೆಸಾನುಗಳನ್ನು ಎಣಿಸಿದರು. ವಿದೇಶಗಳಿಂದ ಸಾಮಗ್ರಿ ಬರುವುದು ದುಸ್ತರವಾಗಿದ್ದ ಆ ದಿನಗಳಲ್ಲಿ ಬೇಕಾದುದನ್ನು ಇಲ್ಲಿಯೇ ಮಾಡಿಕೊಳ್ಳುವ ಅಭ್ಯಾಸ ಅವರ ತಂಡಕ್ಕೆ ಅನಿವಾರ್ಯವಾಗಿ ಬಂದಿತು. ಮುಂದೆ ಅದು ಅವರ ಧೋರಣೆಯೇ ಆಯಿತು.

ಈ ಐದಾರು ವರ್ಷಗಳಲ್ಲಿ ಅವರ ಮನಸ್ಸು ಬದಲಾಯಿತು. ಯುದ್ಧ ಮುಗಿದೊಡನೆ ಹೊರಟುಹೋಗಬೇಕೆಂದಿದ್ದವರು ನಾಡಿನಲ್ಲಿಯೇ ನಿಂತು ಇಲ್ಲಿಯೇ ವಿದ್ಯೆಯ ಪೀಠವನ್ನು ಕಟ್ಟುವುದು ತಮ್ಮ ಕರ್ತವ್ಯವೆಂದು ಬಗೆದರು. 1944ನೆಯ ಇಸವಿ ಮಾರ್ಚ್ 12ರಂದು ಅವರು ಬೆಂಗಳೂರಿನಿಂದ ಟಾಟಾ ನಿಧಿಯ ಅಧ್ಯಕ್ಷರಾದ ಸರ್ ಸೊರಾಬ್ ಸಕ್ಲತ್‌ವಾಲಾ ಅವರಿಗೆ ಒಂದು ಪತ್ರವನ್ನು ಬರೆದರು. ಮೂಲಭೂತ ಭೌತವಿಜ್ಞಾನಕ್ಕೆ ಮೀಸಲಾದ ಸಂಸ್ಥೆಯೊಂದು ಬೇಕು, ಪರಮಾಣು ಶಕ್ತಿಯಿಂದ ವಿದ್ಯುತ್ತನ್ನು ಪಡೆಯುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಹೊರಗೆ ಕೈಚಾಚದೆ ಮನೆಯಲ್ಲಿಯೇ ಅವರನ್ನು ಪಡೆದಿರಬೇಕು ಎಂಬುದು ಅದರ ತಿರುಳು. ಹಿರೋಷಿಮದ ದುರಂತ ನಡೆಯುವುದಕ್ಕೆ ಒಂದು ವರ್ಷಕ್ಕೂ ಹಿಂದೆ ಬರೆದ ಪತ್ರವಿದು ಎಂಬುದನ್ನು ಇಲ್ಲಿ ಸ್ಮರಿಸಬೇಕು. ದಾನಿಗಳು ಕಿವಿಗೊಟ್ಟರು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಆರಂಭವಾಯಿತು. ಅದೇ ವರ್ಷ ಮುಂಬಯಿಗೆ ಹೋಗಿ ಭಾಭಾ ಅವರ ಅತ್ತೆಯ ಕೆನಿಲ್‌ವರ್ತ್ ಎಂಬ ಬಂಗಲೆಯಲ್ಲಿ ನೆಲೆಸಿತು. ಕೊಲಾಬಾದ ಕಡಲತೀರದಲ್ಲಿರುವ ಅದರ ಭವ್ಯ ಕಟ್ಟಡವನ್ನು ಪಂಡಿತ ಜವಾಹರಲಾಲ್ ನೆಹರೂ ಅವರು 1962ರಲ್ಲಿ ಉದ್ಘಾಟಿಸಿದರು.

ಭಾಭಾ ಮುಂಬಯಿಗೆ ಹೋದರೂ ಮ್ಯೂಆನುಗಳ ಬೆನ್ನು ಬಿಡಲಿಲ್ಲ, ಕನ್ನಡ ನಾಡನ್ನೂ ಬಿಡಲಿಲ್ಲ. ಮುಗಿಲಿನಲ್ಲಿ ಎಣಿಸಿದ ಕಣಗಳು ನೆಲದ ಒಳಗೆ ಎಷ್ಟು ಆಳ ಇಳಿಯಬಲ್ಲವು ಎಂಬುದನ್ನು ಅರಿಯಲು ಕೋಲಾರದ ಚಿನ್ನದ ಗಣಿಗಿಂತ ಪ್ರಶಸ್ತವಾದ ಸ್ಥಳ ಜಗತ್ತಿನಲ್ಲಿಯೇ ವಿರಳವಾಗಿತ್ತು. ಅಲ್ಲಿಯ ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. 1951ರಲ್ಲಿ ಭಾಭಾ ಅವರು ಈ ಕೆಲಸಕ್ಕೆ ತರುಣ ಬಿ.ವಿ. ಶ್ರೀಕಂಠನ್ ಅವರನ್ನು ಕಳುಹಿಸಿದರು. ನಂಜನಗೂಡಿನಲ್ಲಿ ಜನಿಸಿದ ಶ್ರೀಕಂಠನ್ನರು ಗೈಗರ್ ನಳಿಕೆಗಳನ್ನು ಹೊತ್ತು ಗಣಿಗೆ ಇಳಿದು ಬೇರೆ ಬೇರೆ ಆಳಗಳಲ್ಲಿ ಮ್ಯೂಆನುಗಳನ್ನು ಎಣಿಸಿದರು. ಮುಂದೆ ಅವರೇ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿ ದುಡಿದರು. ಗುರುವಿನ ಕೆಲಸ ಶಿಷ್ಯನ ಕೈಯಲ್ಲಿ ಬೆಳೆದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕೋಲಾರದ ಪ್ರಯೋಗ ಅಲ್ಲಿಗೇ ನಿಲ್ಲಲಿಲ್ಲ. 1960ರ ದಶಕದ ಆರಂಭದಲ್ಲಿ ಉಪಕರಣಗಳನ್ನು ಇನ್ನೂ ಕೆಳಗೆ ಒಯ್ಯಲಾಯಿತು. ಸುಮಾರು 2.7 ಕಿಲೋಮೀಟರು ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಬರಲಿಲ್ಲ. ಎರಡು ತಿಂಗಳ ಫಲ ಸೊನ್ನೆ. ಅನನುಭವಿಗೆ ಅದು ಸೋಲಿನಂತೆ ಕಂಡೀತು. ಆದರೆ ಆ ಸೊನ್ನೆಯೇ ಮುಂದಿನ ಹೆಜ್ಜೆಗೆ ಆಧಾರವಾಯಿತು. ಮ್ಯೂಆನುಗಳ ಗದ್ದಲವಿಲ್ಲದ ಆ ನಿಶ್ಶಬ್ದದಲ್ಲಿ ನ್ಯೂಟ್ರಿನೋ ಎಂಬ ಅತಿಗೂಢ ಕಣದ ಸುಳಿವನ್ನು ಹಿಡಿಯಬಹುದೆಂಬ ಭರವಸೆ ಮೂಡಿತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಕೂಡಿ ಸುಮಾರು 2,300 ಮೀಟರು ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದರು. 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹು ಅಲ್ಲಿ ದೊರೆಯಿತು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅಂಥ ಕುರುಹು ಸಿಕ್ಕಿತು. ಇಡೀ ಜಗತ್ತಿನಲ್ಲಿ ಇವೇ ಮೊದಲನೆಯವು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನ ಮುಗಿದ ಮೇಲೂ ಆ ನೆಲದ ಹೆಸರು ವಿಜ್ಞಾನದ ಚರಿತ್ರೆಯಲ್ಲಿ ಉಳಿದಿದೆ.

ಈ ನಡುವೆ ಭಾಭಾ ಅವರ ಹೆಗಲ ಮೇಲೆ ರಾಷ್ಟ್ರದ ಹೊರೆ ಬಿದ್ದಿತ್ತು. 1948ರಲ್ಲಿ ಅವರು ಪರಮಾಣು ಶಕ್ತಿ ಆಯೋಗದ ಮೊದಲ ಅಧ್ಯಕ್ಷರಾದರು. 1955ರಲ್ಲಿ ಜಿನೀವಾದಲ್ಲಿ ಪರಮಾಣು ಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತು ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು ಚಾಲನೆಗೊಂಡಿತು. ಇಷ್ಟರ ಮಧ್ಯೆಯೂ ಅವರ ಕಲಾರಾಧನೆ ಬತ್ತಲಿಲ್ಲ. ಅವರು ಸ್ವತಃ ಚಿತ್ರಕಾರರು. ರಾಮನ್ನರ ಭಾವಚಿತ್ರವನ್ನು ತಮ್ಮ ಕೈಯಾರೆ ಬರೆದವರು. ಪಾಶ್ಚಾತ್ಯ ಸಂಗೀತದ ರಸಜ್ಞರು. ಕಟ್ಟಡಕ್ಕೆ ಅಡ್ಡಬಂದ ಮರವನ್ನು ಕಡಿಯಲು ಬಿಡದೆ ಬೇರುಸಹಿತ ಎತ್ತಿ ಬೇರೆಡೆ ನೆಡಿಸುತ್ತಿದ್ದರು. ಅವರು ವಿವಾಹವಾಗಲಿಲ್ಲ.

ಅವರ ಮಾರ್ಗವನ್ನು ಎಲ್ಲರೂ ಒಪ್ಪಿದರೆಂದು ಹೇಳಲಾಗದು. ಸಂಶೋಧನೆಯನ್ನು ಪ್ರತ್ಯೇಕ ಸಂಸ್ಥೆಗಳಲ್ಲಿ ಕೇಂದ್ರೀಕರಿಸಿದರೆ ವಿಶ್ವವಿದ್ಯಾನಿಲಯಗಳು ಬಡವಾಗುತ್ತವೆ ಎಂಬ ಆತಂಕ ಆಗಲೇ ಕೇಳಿಬಂದಿತ್ತು. ಮೇಘನಾದ ಸಾಹಾ ಅವರಂಥ ಹಿರಿಯ ವಿಜ್ಞಾನಿಗಳು ಭಾಭಾ ಅವರ ನೀತಿಗೆ ಎದುರಾಡಿದರು. ಆ ಆತಂಕದಲ್ಲಿ ಹುರುಳಿಲ್ಲದಿರಲಿಲ್ಲ. ದೊಡ್ಡ ಉಪಕರಣಗಳೂ ನಿಪುಣರೂ ಕೆಲವೇ ನಗರಗಳಲ್ಲಿ ಸೇರಿದಂತೆ, ಹಳ್ಳಿಗಾಡಿನ ಶಾಲೆ ಕಾಲೇಜುಗಳ ವಿದ್ಯಾರ್ಥಿಗೆ ಭೌತವಿಜ್ಞಾನವು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆಯುವ ವಿಷಯವಾಗಿ ಉಳಿಯಿತು. ನಿಜಾಮರ ಆಳಿಕೆಯಲ್ಲಿ ಕನ್ನಡದ ಕಲಿಕೆಗೇ ಹೋರಾಡಬೇಕಾಗಿದ್ದ, 1956ರಲ್ಲಿ ಮಾತ್ರ ಮೈಸೂರು ರಾಜ್ಯಕ್ಕೆ ಸೇರಿದ ಕಲಬುರಗಿ ಸೀಮೆಗೆ ಈ ದೂರ ಇನ್ನೂ ಹೆಚ್ಚು. ಮಠಗಳು ಅನ್ನ ಅಕ್ಷರಗಳನ್ನು ಒದಗಿಸಿದವು. ಸಂಶೋಧನೆಯ ಉಪಕರಣ ಅವುಗಳ ಅಳವಿನಲ್ಲಿ ಇರಲಿಲ್ಲ. ಆದರೂ ಭಾಭಾ ಅವರ ಆಶಯ ವಿದ್ಯೆಯನ್ನು ಮುಚ್ಚಿಡುವುದಾಗಿರಲಿಲ್ಲ. ಅವರು ಸ್ಥಾಪಿಸಿದ ಸಂಸ್ಥೆಯೇ 1974ರಲ್ಲಿ ಅವರ ಹೆಸರಿನಲ್ಲಿ ವಿಜ್ಞಾನ ಶಿಕ್ಷಣ ಕೇಂದ್ರವೊಂದನ್ನು ತೆರೆದು ಶಾಲೆಯ ಮಕ್ಕಳ ಕಲಿಕೆಗೆ ದುಡಿಯತೊಡಗಿತು.

1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರ ವಿಮಾನ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರದ ಬಳಿ ಅಪ್ಪಳಿಸಿತು. ವಿಮಾನದಲ್ಲಿದ್ದ 117 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಭಾಭಾ ಅವರಿಗೆ ಆಗ ಐವತ್ತಾರು ವರ್ಷ. ಕೋಲಾರದ ಆಳದಿಂದ ನ್ಯೂಟ್ರಿನೋ ವಾರ್ತೆ ಬಂದು ಆಗಿನ್ನೂ ಕೆಲವೇ ತಿಂಗಳಾಗಿದ್ದವು. 1967ರಲ್ಲಿ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ಅವರ ವಿಶ್ವಕಿರಣದ ಪರಂಪರೆ ಇಂದಿಗೂ ಸಾಗಿದೆ. ಉದಕಮಂಡಲದಲ್ಲಿ ಟಾಟಾ ಸಂಸ್ಥೆಯ ನೂರಾರು ಶೋಧಕಗಳು ಹಗಲಿರುಳು ಈ ಮಳೆಯನ್ನು ಎಣಿಸುತ್ತಿವೆ. ಅದೇ ಸಂಸ್ಥೆಯ ಹೈದರಾಬಾದಿನ ಕೇಂದ್ರದಿಂದ ಉಪಕರಣ ಹೊತ್ತ ಬಲೂನುಗಳು ಮೇಲೇರುತ್ತವೆ. ಅವು ಸಾಮಾನ್ಯವಾಗಿ ವಿಶಾಖಪಟ್ಟಣ, ಹೈದರಾಬಾದು, ಸೊಲ್ಲಾಪುರಗಳ ರೇಖೆಯಗುಂಟ ಸಾಗಿ ಪ್ಯಾರಾಚೂಟಿನ ನೆರವಿನಿಂದ ಇಳಿಯುತ್ತವೆ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ನೇರ ಗೆರೆ ಎಳೆದರೆ ಅದು ಆಳಂದದ ಸಮೀಪದಲ್ಲಿಯೇ ಹಾಯುತ್ತದೆ. ಅಂಥ ಪೆಟ್ಟಿಗೆ ಹೊಲದಲ್ಲಿ ಬಿದ್ದುದು ಕಂಡರೆ ಬಿಚ್ಚದೆ ಪೊಲೀಸ್ ಠಾಣೆಗೆ ತಿಳಿಸಬೇಕೆಂಬುದು ಸಂಸ್ಥೆಯ ವಿನಂತಿ.

ಆದರೆ ಈಗ ಬಲೂನಿಗೂ ಗಣಿಗೂ ಕಾಯಬೇಕಾಗಿಲ್ಲ. ಮೊದಲೇ ಹೇಳಿದ ಸಿಲಿಕಾನ್ ಶೋಧಕ ಈ ಅಂತರವನ್ನು ಕುಗ್ಗಿಸಿದೆ. ಅದರ ಕ್ರಮ ಹೀಗಿದೆ. ವಿಶೇಷವಾಗಿ ತಯಾರಿಸಿದ ಪ್ಲಾಸ್ಟಿಕ್ ತುಂಡಿನೊಳಗೆ ಮ್ಯೂಆನ್ ಹಾಯ್ದಾಗ ಕಣ್ಣಿಗೆ ಕಾಣದಷ್ಟು ಮಂದವಾದ ಬೆಳಕು ಮಿನುಗುತ್ತದೆ. ಆ ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಸಿಲಿಕಾನ್ ಚೂರಿನ ಮೇಲೆ ಬೀಳುತ್ತವೆ. ಆ ಚೂರಿನಲ್ಲಿ ಜೇನಿನ ಹಟ್ಟಿಯಂತೆ ಸಾವಿರಾರು ಸೂಕ್ಷ್ಮ ಕೋಣೆಗಳಿವೆ. ಒಂದು ಫೋಟಾನು ಒಂದು ಕೋಣೆಯನ್ನು ತಟ್ಟಿದರೆ ಅಲ್ಲಿ ವಿದ್ಯುತ್ಕಣಗಳ ಪ್ರವಾಹ ಚಿಮ್ಮುತ್ತದೆ. ಎಲ್ಲ ಕೋಣೆಗಳ ವಿದ್ಯುತ್ತು ಕೂಡಿ ಎಣಿಸಬಹುದಾದ ಮಿಡಿತವಾಗುತ್ತದೆ. ಹಿಂದಿನ ಗಾಜಿನ ನಳಿಕೆಗಳಿಗೆ ಸಾವಿರ ವೋಲ್ಟಿನ ಆಸುಪಾಸಿನ ಅಪಾಯಕಾರಿ ವಿದ್ಯುತ್ತು ಬೇಕಾಗಿತ್ತು. ಈ ಚೂರಿಗೆ ಮೂವತ್ತು ವೋಲ್ಟಿನ ಆಸುಪಾಸು ಸಾಕು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ವಿದ್ಯಾರ್ಥಿಗಳೇ ಕಟ್ಟಿಕೊಳ್ಳಲೆಂದು ರೂಪಿಸಿದ ಇಂಥ ಶೋಧಕದ ಸಾಮಗ್ರಿಗೆ ತಗಲುವ ವೆಚ್ಚ ಸುಮಾರು ನೂರು ಡಾಲರು.

ಇದರಲ್ಲಿ ಒಂದು ತೊಡಕುಂಟು. ಬೆಳಕಿಲ್ಲದಿದ್ದರೂ ಶಾಖದ ಕಾರಣದಿಂದ ಸಿಲಿಕಾನ್ ಕೋಣೆಗಳು ತಾವಾಗಿಯೇ ಮಿಡಿಯುತ್ತವೆ. ಬಿಸಿಲೇರಿದಂತೆ ಈ ಸುಳ್ಳು ಮಿಡಿತ ಹೆಚ್ಚುತ್ತದೆ. ಕಲಬುರಗಿ ಸೀಮೆಯ ಬೇಸಗೆಯಲ್ಲಿ ಇದನ್ನು ಮರೆಯುವಂತಿಲ್ಲ. ಅದಕ್ಕೆ ಪರಿಹಾರ ಭಾಭಾ ಅವರ ಕಾಲದ ಗೈಗರ್ ನಳಿಕೆಗಳೊಡನೆ ಬಂದ ಹಳೆಯ ಉಪಾಯವೇ. ಎರಡು ಶೋಧಕಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ಒಂದೇ ಕ್ಷಣದಲ್ಲಿ ಮಿಡಿದಾಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸುಳ್ಳು ಮಿಡಿತಗಳು ಎರಡರಲ್ಲಿಯೂ ಒಮ್ಮೆಗೇ ಬರುವುದು ಅಪರೂಪ. ಮೇಲಿನಿಂದ ಕೆಳಕ್ಕೆ ಹಾಯ್ದ ಮ್ಯೂಆನ್ ಎರಡನ್ನೂ ತಟ್ಟುತ್ತದೆ. ಒಬ್ಬನ ಮಾತಿಗಿಂತ ಇಬ್ಬರ ಸಾಕ್ಷಿಗೆ ಹೆಚ್ಚು ಬೆಲೆ ಎಂಬ ಪಂಚಾಯಿತಿಯ ನ್ಯಾಯ ಇಲ್ಲಿಯೂ ಸಲ್ಲುತ್ತದೆ.

ಇಷ್ಟು ಸಿದ್ಧವಾದರೆ ಪ್ರಯೋಗಗಳಿಗೆ ಕೊರತೆಯಿಲ್ಲ. ಜೋಡಿ ಶೋಧಕವನ್ನು ನೆಟ್ಟಗೆ ಮೇಲ್ಮುಖವಾಗಿ ಇಟ್ಟು ಎಣಿಸಿ, ಬಳಿಕ 60 ಅಂಶ ವಾಲಿಸಿ ಎಣಿಸಿದರೆ ಲೆಕ್ಕ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಓರೆಯಾಗಿ ಬರುವ ಕಣಕ್ಕೆ ಹೆಚ್ಚು ಗಾಳಿಯನ್ನು ದಾಟಬೇಕಾಗುವುದೇ ಕಾರಣ. ವಾಯುಭಾರ ಏರಿದ ದಿನ ಎಣಿಕೆ ತುಸು ಕುಗ್ಗುತ್ತದೆ. ಮಾಳಿಗೆಯ ಮೇಲೂ ನೆಲಮಾಳಿಗೆಯಲ್ಲಿಯೂ ಎಣಿಸಿ ಹೋಲಿಸಬಹುದು. ಅದು ಕೋಲಾರದ ಪ್ರಯೋಗದ ಮರಿಯೇ. ಮಕ್ಕಳು ಇಲ್ಲಿ ಕಲಿಯುವ ಮುಖ್ಯ ಪಾಠ ತಾಳ್ಮೆಯದು. ನೂರು ಕಣ ಎಣಿಸಿದಾಗ ಹತ್ತರಷ್ಟು ಅನಿಶ್ಚಯ ಉಳಿಯುತ್ತದೆ, ಅಂದರೆ ನೂರಕ್ಕೆ ಹತ್ತು. ಹತ್ತು ಸಾವಿರ ಎಣಿಸಿದರೆ ಅದು ನೂರಕ್ಕೆ ಒಂದಕ್ಕೆ ಇಳಿಯುತ್ತದೆ. ಬಂದುದನ್ನು ಬಂದಂತೆ ಬರೆದಿಡಬೇಕು. ಸೊನ್ನೆ ಬಂದರೆ ಸೊನ್ನೆಯನ್ನೇ ಬರೆಯಬೇಕು. ಕೋಲಾರದವರು ಎರಡು ತಿಂಗಳು ಬರೆದದ್ದೂ ಅದನ್ನೇ.

ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಅಖಂಡೇಶ್ವರ ಅಂಕಿತದಿಂದ ವಚನಗಳನ್ನು ರಚಿಸಿದ ನಾಡು ಇದು. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಶರಣರು ಸಾರಿದ ನೆಲವಿದು. ಬೆಸುಗೆಯ ಕಡ್ಡಿ ಹಿಡಿದು ತಂತಿ ಜೋಡಿಸುವುದು, ಗಂಟೆಗಟ್ಟಲೆ ಕುಳಿತು ಅಂಕಿ ಬರೆಯುವುದು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಕಟ್ಟುವುದು ವಿದ್ಯಾರ್ಥಿಯ ಕಾಯಕವೇ ಸರಿ. ದೂರದ ಅರಿವನ್ನು ನಂಬಿ ದಾನಿಗಳು ಕೈಯೆತ್ತಿ ಕೊಟ್ಟುದರಿಂದ ಬೆಂಗಳೂರಿನ ಸಂಸ್ಥೆ ಬೆಳೆಯಿತು. ಅದರ ಮಡಿಲಿನಿಂದ ಮುಂಬಯಿಯ ಸಂಸ್ಥೆ ಹುಟ್ಟಿತು. ದಾಸೋಹದ ಈ ನಾಡಿನಲ್ಲಿ ಅಂಥ ಕೈಗಳಿಗೆ ಬರವಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಶಾಲೆಗಳಲ್ಲಿ ಒಂದೊಂದು ಜೋಡಿ ಶೋಧಕ ನೆಲೆಗೊಂಡು, ಒಕ್ಕಲು ಮಕ್ಕಳು ತಾವೇ ಎಣಿಸಿದ ಮೊದಲ ಸಾವಿರ ಮ್ಯೂಆನುಗಳ ಲೆಕ್ಕವನ್ನು ಮುಂದಿನ ತರಗತಿಯವರಿಗೆ ಒಪ್ಪಿಸುವಂತಾದರೆ, ವಿಜ್ಞಾನ ಸಂಸ್ಥೆಗಳ ಗೋಡೆಯೊಳಗೆ ಉಳಿಯಿತೆಂಬ ಕೊರಗು ಅಷ್ಟರ ಮಟ್ಟಿಗೆ ನೀಗುತ್ತದೆ. ಹಿಂದಿರುಗುವ ದಾರಿ ಮುಚ್ಚಿದಾಗ ಇದ್ದ ನೆಲದಲ್ಲಿಯೇ ಎಣಿಕೆಯನ್ನು ಆರಂಭಿಸಿದ ಡಾ. ಭಾಭಾ ಅವರಿಗೆ ಸಲ್ಲಿಸಬೇಕಾದ ಕಾಣಿಕೆಯೂ ಅದೇ.